ಚಾಕುವಿನ ಹಿಡಿಕೆಯ ತುದಿಗೆ ತೂತು ಯಾಕ ಇರ್ತದ್ರಿ? ದಾರ ಕಟ್ಟಬೇಕೋ ಬ್ಯಾಡೋ?

ಸಾಣಾಪುರದಾಂವ (ಗಂಗಾವತಿ)

ಎಲ್ರಿಗೂ ನಮಸ್ಕಾರ್ರಿ. ಹೋದ ತಿಂಗಳು ನಾವು ನಾಲ್ಕು ಮಂದಿ ಸಾಣಾಪುರ ಕೆರಿ ಹಿಂದಿನ ಗುಡ್ಡ ಹತ್ತಿದ್ವಿ. ಮ್ಯಾಲ ಒಂದು ದೊಡ್ಡ ಬಂಡೆ ಮ್ಯಾಲ ಕುಂತು ಕಲ್ಲಂಗಡಿ ಹೆಚ್ಚಾಕತ್ತಿದ್ದೆ. ಕೈಯೆಲ್ಲಾ ರಸ. ಚಾಕು ಕೈಯಿಂದ ಜಾರಿ ಬಂಡೆ ಮ್ಯಾಲ ಬಿತ್ತು, ಇಳಿಜಾರಿಗೆ ಸರ್ರಂತ ಸರಕೊಂಡು ಹೋಗಿ ಎರಡು ಬಂಡೆ ನಡುವಿನ ಸೀಳಿನಾಗ ಇಳೀತು. ಟಣ್, ಟಣ್, ಟಣ್ ಅಂತ ಮೂರು ಸಲ ಸಪ್ಪಳ. ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರ ಒಂದಾಳುದ್ದ ಕೆಳಗ ಅಲಗು ಮಿಂಚ್ತಿತ್ತು. ಕೈ ಮುಟ್ಟಲಿಲ್ಲ, ಕೋಲು ಹಾಕಿದ್ರ ಇನ್ನಷ್ಟು ಒಳಗ ಹೋಗೂ ಹಂಗ ಆತು. ಬಿಟ್ಟು ಬಂದ್ವಿ. ನಮ್ಮಣ್ಣ ಮೊದಲ ಪಗಾರದಾಗ ಕೊಡಿಸಿದ ಚಾಕು ಅದು. ಇನ್ನೂ ಮನಸ್ಸಿಗೆ ಹತ್ತೇತಿ.

ಈಗ ಬ್ಯಾರೆ ಚಾಕು ತರಿಸೀನಿ. ಇದರ ಹಿಡಿಕಿ ತುದಿಗೆ ಒಂದು ತೂತು ಐತಿ, ದಾರ ಕಟ್ಟಾಕ ಅಂತಾರ. ಲ್ಯಾನ್ಯಾರ್ಡ್ ಅಂತ ಹೆಸರಂತ. ಖರೇನ ಉಪಯೋಗ ಐತೇನ್ರಿ ಇದರದು? ಕಟ್ಟೂದಾದ್ರ ಹೆಂಗ ಕಟ್ಟಬೇಕು, ಎಷ್ಟು ಉದ್ದ? ಕೈಗೆ ಹಾಕ್ಕೋಬೇಕಾ? ಗೊತ್ತಿದ್ದವರು ಹೇಳ್ರಿ.

ಮುದಗಲ್_ಕೋಟಿ

ಚಂದಕ್ಕ ಇರ್ತದ್ರಿ ಅಣ್ಣಾ. ಗೋಡೆಗೆ ಮೊಳೆ ಹೊಡದು ತೂಗು ಹಾಕಾಕ.

ಸಂಡೂರು_ಚಾರಣ (ಬಳ್ಳಾರಿ ಜಿಲ್ಲೆ)

ಚಂದಕ್ಕಲ್ಲ ತಮ್ಮಾ. ಹನ್ನೆರಡು ವರ್ಷದಿಂದ ಸಂಡೂರು ಕಾಡಿಗೆ ಹುಡುಗರನ್ನು ಕರೆದುಕೊಂಡು ಹೋಗ್ತಾ ಇದ್ದೀನಿ, ದಾರ ಇಲ್ಲದ ಚಾಕು ನನ್ನ ಬ್ಯಾಗಲ್ಲಿ ಇಲ್ಲ. ಮೊದಲನೇ ಕೆಲಸ ಎಳೆಯೋದು. ಒರೆ ಒಳಗೆ ಆಳವಾಗಿ ಕೂತ ಚಾಕು, ಇಲ್ಲಾ ಪ್ಯಾಂಟಿನ ಜೇಬಲ್ಲಿರೋ ಮಡಚೋ ಚಾಕು, ಬೆರಳಿಗೆ ಸಿಗೋದು ಸ್ವಲ್ಪೇ ಸ್ವಲ್ಪ. ಮಳೆಗಾಲದಲ್ಲಿ ಕೈ ಒದ್ದೆ ಆಗಿ ಮರಗಟ್ಟಿದಾಗ ಹೊರಗಡೆ ನಾಲ್ಕು ಬೆರಳು ಅಗಲದ ದಾರ ಇದ್ರೆ ಅದನ್ನ ಹಿಡಿದು ಎಳೆದರಾಯ್ತು.

ಎರಡನೇದು ಹಿಡಿತ. ಈಗಿನ ಸಣ್ಣ ಚಾಕುಗಳ ಹಿಡಿಕೆ ಮೂರೇ ಬೆರಳಿಗೆ ಸಾಕಾಗೋಷ್ಟಿರುತ್ತೆ. ಕಿರುಬೆರಳಿಗೆ ಜಾಗ ಇಲ್ಲ. ತೂತಿಂದ ಬಂದ ದಾರಕ್ಕೆ ದಪ್ಪ ಗಂಟು ಹಾಕಿದರೆ ಆ ಗಂಟಿಗೆ ಕಿರುಬೆರಳು ಆನಿಕೊಳ್ಳುತ್ತೆ, ಹಿಡಿಕೆ ಒಂದಿಂಚು ಬೆಳೆದ ಹಾಗೆ. ಇದನ್ನ ಮಾಡಿ ನೋಡಿದವರಿಗೇ ಗೊತ್ತಾಗೋದು, ಒಣಕಟ್ಟಿಗೆ ಕೆತ್ತುವಾಗ ಎಷ್ಟು ಫರಕು ಬರುತ್ತೆ ಅಂತ.

ಮೂರನೇದು ಹುಡುಕೋದು. ಕಪ್ಪು ಹಿಡಿಕೆಯ ಚಾಕು ಹುಲ್ಲಲ್ಲಿ ಬಿದ್ದರೆ ಮುಗೀತು.

ಕುರಿಹಟ್ಟಿ (ಕುಷ್ಟಗಿ)

ಇದಕ್ಕ ಇಂಗ್ಲಿಷ್ ಹೆಸರು ಯಾಕ ಬೇಕ್ರಿ. ನಮ್ಮ ಮುತ್ಯಾ ಕುರಿ ಕಾಯಾಕ ಹೋಗುವಾಗ ಉಡದಾರಕ್ಕ ಒಂದು ಸಣ್ಣ ಚೂರಿ ಕಟ್ಟಿಕೊಂಡಿರ್ತಿದ್ದ. ಕಮ್ಮಾರನ ಕೈಲೆ ಮಾಡಿಸಿದ ಚೂರಿ, ಹಿಡಿಕಿ ತುದಿ ಸುರುಳಿ ಸುತ್ತಿ ಬಳಿ ಹಂಗ ಮಾಡಿದ್ದ. ಆ ಬಳಿಗೆ ಪುಂಡಿ ನಾರಿನ ಹುರಿ. ಒಂದೂವರಿ ಮೊಳ ಇರಬೇಕು. ಕಂಬಳಿ ಹೊದ್ದುಕೊಂಡು ಎಲ್ಲಿ ಮಲಗಿದ್ರೂ ಕೈ ಹಾಕಿದ ಕೂಡ್ಲೆ ಹುರಿ ಸಿಗ್ತಿತ್ತು, ಹುರಿ ಎಳದ್ರ ಚೂರಿ ಬರ್ತಿತ್ತು. ಕುರಿ ಗೊರಸಿನಾಗ ಮುಳ್ಳು ನಟ್ಟಿದ್ರ ಅಲ್ಲೇ ಕುಂತು ತಗೀತಿದ್ದ. ಕೆಲಸ ಮುಗದ ಮ್ಯಾಲ ಕೈಬಿಟ್ರ ಚೂರಿ ತನ್ನಷ್ಟಕ್ಕ ಸೊಂಟದಾಗ ಜೋತು ಬೀಳೂದು, ನೆಲಕ್ಕ ಇಡೂ ಮಾತ ಇಲ್ಲ. ನೆಲಕ್ಕ ಇಟ್ರ ಮರತು ಹೋಗ್ತೀವಿ ಅಂತ ಅವರಿಗೆ ಗೊತ್ತಿತ್ತು. ಕುರಿ ಮುಂದ ಹೋಗ್ತಿರ್ತಾವ, ತಿರುಗಿ ಬಂದು ಹುಡುಕಾಕ ಯಾರಿಗೆ ಪುರಸೊತ್ತು.

ಸಾಣಾಪುರದಾಂವ

ಕುರಿಹಟ್ಟಿ ಅಣ್ಣಾರ, ಆ ಚೂರಿ ಇನ್ನೂ ಐತೇನ್ರಿ? ಫೋಟೋ ಹಾಕ್ರಿ.

ಕುರಿಹಟ್ಟಿ

ಚೂರಿ ಐತಿ ತಮ್ಮಾ, ಹುರಿ ಇಲ್ಲ. ಊರಿಗೆ ಹೋದಾಗ ಹಾಕ್ತೀನಿ.

ನರ್ಸಕ್ಕ_ಕೊಪ್ಪಳ

ಎಲ್ಲಾರೂ ಉಪಯೋಗಾನ ಹೇಳಾಕತ್ತೀರಿ. ನಾ ಕಣ್ಣಾರೆ ಕಂಡದ್ದು ಹೇಳ್ತೀನಿ, ಕೇಳ್ರಿ. ನಮ್ಮ ಚಿಕ್ಕಪ್ಪನ ಮಗ ಹೊಲದ ಬದುವಿನ ಬಳ್ಳಾರಿ ಜಾಲಿ ಕಡಿಯಾಕ ಹೋಗಿದ್ದ. ಮಚ್ಚು ಕೈಯಿಂದ ಹಾರಬಾರದು ಅಂತ ಹಿಡಿಕಿಗೆ ದಾರ ಕಟ್ಟಿ ಮಣಿಕಟ್ಟಿಗೆ ಗಂಟು ಹಾಕ್ಕೊಂಡಿದ್ದ. ಬೆವರಿಗೆ ಹಿಡಿಕಿ ಜಾರ್ತು. ದಾರ ಇರದಿದ್ರ ಮಚ್ಚು ದೂರ ಹೋಗಿ ಬೀಳ್ತಿತ್ತು. ದಾರ ಇತ್ತಲ್ಲ, ಮಣಿಕಟ್ಟಿನ ಸುತ್ತ ಗರ್ರಂತ ತಿರುಗಿ ಬಂದು ಮೊಣಕಾಲ ಕೆಳಗ ಹೊಡೀತು. ಏಳು ಹೊಲಿಗಿ. ಎಲುಬಿಗೆ ಹತ್ತಿರಲಿಲ್ಲ, ಅದೇ ಪುಣ್ಯ. ಮನಿಗೆ ಬಂದಾಗ ನಾನ ಬಟ್ಟಿ ಒತ್ತಿ ಹಿಡದು ಗಾಡಿ ಹತ್ತಿಸೀನಿ, ಆ ದಾರ ಇನ್ನೂ ಅವನ ಕೈಯಾಗ ಇತ್ತು.

ಮಣಿಕಟ್ಟಿಗೆ ಮಾತ್ರ ಕಟ್ಟಬ್ಯಾಡ್ರಿ. ಜಾರಿದ ಚಾಕು ಬೀಳಲಿ, ನೀವು ಕಾಲು ಹಿಂದ ತಗೀರಿ. ಬೀಳೂ ಚಾಕು ಹಿಡಿಯಾಕ ಕೈ ಚಾಚಬ್ಯಾಡ್ರಿ.

ಗಂಟುಗಾರ (ಬಳ್ಳಾರಿ)

ಅಕ್ಕಾ, ನೀವು ಹೇಳಿದ್ದು ಸರಿ ಐತೆ, ಆದ್ರೆ ತಪ್ಪು ದಾರದ್ದಲ್ಲ, ಹಾಕಿದ ರೀತಿದು. ಮಣಿಕಟ್ಟಿಗೆ ಗಂಟು ಹಾಕಬಾರದು. ಪೊಲೀಸರ ಲಾಠಿ ಬಾರು ನೋಡಿದ್ದೀರಾ? ಕುಣಿಕೆಯನ್ನ ಹೆಬ್ಬೆರಳಿಗೆ ಹಾಕಿ, ಅಂಗೈ ಹಿಂಭಾಗದ ಮೇಲಿಂದ ತಂದು, ಆಮೇಲೆ ಹಿಡಿಕೆ ಹಿಡೀಬೇಕು. ಹಿಡಿದಿರೋವಷ್ಟು ಹೊತ್ತು ಬಿಗಿಯಾಗಿರುತ್ತೆ. ಬೆರಳು ಬಿಚ್ಚಿ ಹೆಬ್ಬೆರಳು ಮಡಚಿದರೆ ಕುಣಿಕೆ ಜಾರಿ ಬಿಟ್ಟು ಹೋಗುತ್ತೆ. ಯಾರಾದರೂ ಆ ಕಡೆಯಿಂದ ಎಳೆದರೂ ಕೈ ಸಿಕ್ಕಿಹಾಕಿಕೊಳ್ಳಲ್ಲ. ದೊಡ್ಡ ಮಚ್ಚಿಗೆ ಇದೇ ಸರಿ. ಬೀಸುವಾಗ ಹಿಡಿತದ ಬಿಗಿ ಕಡಿಮೆ ಮಾಡಿದರೂ ನಡೆಯುತ್ತೆ, ಮುಂಗೈ ನೋಯಲ್ಲ.

ಸಂಡೂರು_ಚಾರಣ

ಗಂಟುಗಾರರೇ, ಒಪ್ಪಲ್ಲ ನಾನು. ಮನೆಯಂಗಳದಲ್ಲಿ ನಿಂತು ಕಲಿಸೋಕೆ ಅದು ಚೆಂದ. ಹೊಸಬರ ಕೈಗೆ ಮಚ್ಚು ಕೊಟ್ಟು ಹೆಬ್ಬೆರಳಿಗೆ ಕುಣಿಕೆ ಹಾಕು ಅಂದ್ರೆ, ಹತ್ತು ನಿಮಿಷ ಆದಮೇಲೆ ಸುಸ್ತಾಗಿ ಅವನೇ ಮಣಿಕಟ್ಟಿಗೆ ತೂರಿಸಿಕೊಳ್ತಾನೆ. ನಾನೇ ಎಷ್ಟು ಸಲ ಬಿಚ್ಚಿಸಿದ್ದೀನಿ. ನಾಲ್ಕಿಂಚಿನ ಅಲಗಿನ ಚಾಕುವಿಗಂತೂ ಕೈಗೆ ಹಾಕೋ ಕುಣಿಕೆ ಬೇಡವೇ ಬೇಡ. ಎಳೆಯೋಕೆ ಒಂದು ಗಿಡ್ಡ ದಾರ, ಅಷ್ಟು ಸಾಕು.

ಗಂಟುಗಾರ

ಸಣ್ಣ ಚಾಕುವಿಗೆ ಗಿಡ್ಡದು ಸಾಕು ಅನ್ನೋದಕ್ಕೆ ನಂದೂ ಹ್ಞೂಂ. ನಾನು ಹೇಳಿದ್ದು ಮಚ್ಚಿನ ಮಾತು. ಎರಡನ್ನೂ ಕಲಸಬೇಡಿ ಸರ್.

ನರ್ಸಕ್ಕ_ಕೊಪ್ಪಳ

ಮಚ್ಚಿಗೂ ಬ್ಯಾಡ್ರಿ. ಹೊಲಿಗಿ ಹಾಕಿಸ್ಕೊಂಡಾಂವ ಹೆಬ್ಬೆರಳಿಗೆ ಹಾಕ್ಕೊಂಡಿದ್ದನೋ ಮಣಿಕಟ್ಟಿಗೋ ಅಂತ ಮೊಣಕಾಲು ಕೇಳೂದಿಲ್ಲ.

ಎತ್ತರದ_ಕೆಲಸ (ತೋರಣಗಲ್ಲು)

ನಮ್ಮ ಕಡೆ ಇದು ಚಂದಕ್ಕೂ ಅಲ್ಲ, ರುಚಿಗೂ ಅಲ್ಲ, ನಿಯಮ. 30 ಮೀಟರ್ ಎತ್ತರದಲ್ಲಿ ಕೆಲಸ ಮಾಡೋವಾಗ ಸ್ಪ್ಯಾನರಿಂದ ಹಿಡಿದು ಕಟ್ಟರ್‌ವರೆಗೂ ಎಲ್ಲಕ್ಕೂ ಹಗ್ಗ. ಅಷ್ಟು ಎತ್ತರದಿಂದ ಬಿದ್ದ ಸಾಮಾನು ನೆಲ ಮುಟ್ಟುವಾಗ ಸೆಕೆಂಡಿಗೆ ಹೆಚ್ಚೂ ಕಡಿಮೆ 24 ಮೀಟರ್ ವೇಗ, ಅಂದರೆ ಗಂಟೆಗೆ 87 ಕಿ.ಮೀ. ಹೆದ್ದಾರಿಯಲ್ಲಿ ಓಡೋ ಬಸ್ಸಿನ ವೇಗದಲ್ಲಿ ಕಬ್ಬಿಣ ತಲೆ ಮೇಲೆ ಬಂದ ಹಾಗೆ. ಹಿಂದೆ ಹಡಗಿನ ಹಾಯಿಮರ ಹತ್ತುತ್ತಿದ್ದ ನಾವಿಕರೂ ಚಾಕುವಿಗೆ ಹುರಿ ಕಟ್ಟಿಕೊಳ್ತಿದ್ದದ್ದು ಇದಕ್ಕೇ. ಚಾಕು ಸಮುದ್ರಕ್ಕೆ ಹೋಗಬಾರದು, ಕೆಳಗಿರೋರ ಮೇಲೂ ಬೀಳಬಾರದು.

ನಾವು ಕೈಗೆ ಕಟ್ಟಲ್ಲ, ಸೊಂಟದ ಬೆಲ್ಟಿಗೆ ಕಟ್ಟೋದು. ಕುರಿಹಟ್ಟಿಯವರ ಮುತ್ಯಾ ಮಾಡಿದ್ದೂ ಅದನ್ನೇ ನೋಡಿ. ಬಂಡೆ ಮೇಲೆ ಕುಂತು ಹಣ್ಣು ಕುಯ್ಯೋ ತಮ್ಮನಿಗೂ ನಾನು ಅದನ್ನೇ ಹೇಳೋದು, ಬ್ಯಾಗಿನ ಪಟ್ಟಿಗೆ ಕಟ್ಟು, ಕೈಗೆ ಬೇಡ. ಕೆಳಗಿನ ಬಂಡೆ ಮೇಲೆ ಇನ್ಯಾರಾದರೂ ಕೂತಿದ್ರೆ ಏನು ಗತಿ?

ಹತ್ತಿ_ಗಿರಣಿ (ರಾಯಚೂರು)

ಒಂದು ಮಾತು ಯಾರೂ ಹೇಳಿಲ್ಲ. ತಿರುಗೂ ಯಂತ್ರದ ಹತ್ರ ದಾರ ಕಟ್ಟಿದ ಚಾಕು ತರಲೇಬ್ಯಾಡ್ರಿ. ಕೊರಳಾಗ ಹಾಕ್ಕೋಳೋ ಚಾಕು ಅಂತೂ ದೂರಾನೇ ಇರಲಿ. ಟ್ರ್ಯಾಕ್ಟರಿನ ಹಿಂದಿನ ಪಿ.ಟಿ.ಒ. ಶಾಫ್ಟ್, ಅಂದ್ರ ಬ್ಯಾರೆ ಮಷಿನ್ ತಿರುಗಿಸೋ ದಂಡ, ನಿಮಿಷಕ್ಕ 540 ಸುತ್ತು ತಿರುಗ್ತದ. ಸೆಕೆಂಡಿಗೆ 9 ಸುತ್ತು. ದಾರದ ತುದಿ ತಗಲ್ತು ಅಂದ್ರ 'ಅಯ್ಯೋ' ಅನ್ನೋದರಾಗ ಒಂದು ಮೊಳ ಸುತ್ತಿಕೊಂಡಿರ್ತದ. ಒಕ್ಕಣೆ ಮಷಿನ್ ಹತ್ರ ಧೋತರದ ಚುಂಗು ಸಿಕ್ಕು ಏನಾಗ್ತದ ಅಂತ ನಮ್ಮ ಕಡೆ ಎಲ್ಲಾ ಊರಾಗೂ ಒಂದೊಂದು ಕಥಿ ಅದ. ಚೀಲದ ಬಾಯಿ ಕೊಯ್ಯಾಕ ನಾ ಇಟ್ಟುಕೊಂಡಿರೋ ಚಾಕುವಿಗೆ ದಾರ ಇಲ್ಲ, ಇರೂದೂ ಇಲ್ಲ.

ಮುದಗಲ್_ಕೋಟಿ

ಕೊರಳಾಗ ಹಾಕ್ಕೊಂಡ್ರ ಕೈಗೆ ಲಗೂನ ಸಿಗ್ತದಲ್ರಿ ಕಾಕಾ?

ಹತ್ತಿ_ಗಿರಣಿ

ಸಿಗ್ತದ, ಖರೆ. ಗುಡ್ಡ ಹತ್ತುವಾಗ ಒಂದು ಕೊಂಬಿಗೋ ಕಲ್ಲಿನ ಮೂಲಿಗೋ ಸಿಕ್ಕೊಂಡು ಕಾಲು ಜಾರಿದ್ರ ಅದೇ ಉರುಲು. ಹಾಕಲೇಬೇಕು ಅಂದ್ರ ಸಣ್ಣ ನೂಲಿನ ದಾರ ಹಾಕು, ನಿನ್ನ ಭಾರ ಬಿದ್ರ ಪಟ್ಟಂತ ಹರೀಬೇಕು. ನೈಲಾನ್ ಹಾಕಬ್ಯಾಡ.

ಗಂಟುಗಾರ

ಹತ್ತಿ ಕಾಕಾ ಹೇಳಿದ್ದನ್ನ ಬರೆದು ಇಟ್ಕೊಳ್ಳಿ. ಪ್ಯಾರಾಕಾರ್ಡ್ ಅಂತ ಸಿಗುತ್ತಲ್ಲ, ಪ್ಯಾರಾಚೂಟಿಗೆ ಬಳಸ್ತಿದ್ದ ದಾರ, ಅದರ 550 ಅನ್ನೋ ನಂಬರ್ ಅಂದ್ರೆ 550 ಪೌಂಡ್ ಭಾರ ತಡೆಯುತ್ತೆ ಅಂತ. ಸುಮಾರು 250 ಕಿಲೋ. ಮನುಷ್ಯನನ್ನ ತೂಗುಹಾಕೋ ದಾರ ಕೊರಳಿಗೆ ಯಾಕೆ? ಹೊರಗೊಂದು ನೇಯ್ದ ಕವಚ, ಒಳಗೆ ಏಳು ಎಳೆ. ಅಂಗಡಿಯಲ್ಲಿ ಕೊಂಡಾಗ ತುದಿ ಕತ್ತರಿಸಿ ಎಳೆ ಎಣಿಸಿ ನೋಡಿ. ಕೆಲವದರಲ್ಲಿ ಒಳಗೆ ಬರೀ ಹತ್ತಿಯಂಥ ಪುಸುಪುಸು ತುಂಬಿರುತ್ತೆ, ಅದು ತೋರಿಕೆಗೆ. ಚಾಕುವಿನ ಗಿಡ್ಡ ಕುಣಿಕೆಗೆ ಅದಾದರೂ ಸಾಕು ಅನ್ನಿ, ಆದ್ರೆ ನೂರು ರೂಪಾಯಿ ಕೊಟ್ಟು ಮೋಸ ಹೋಗಬೇಡಿ.

ಒಳ್ಳೇ ದಾರದ ಇನ್ನೊಂದು ಲಾಭ: ಶೂ ಲೇಸ್ ಹರಿದಾಗ, ಟೆಂಟಿನ ಹುರಿ ಹರಿದಾಗ ಬಿಚ್ಚಿ ಬಳಸಬಹುದು. ಒಳಗಿನ ಒಂದು ಎಳೆ ತೆಗೆದ್ರೆ ಬ್ಯಾಗ್ ಹೊಲಿಯೋಕೂ ಆಯ್ತು.

ಸಿಂಧನೂರಕ್ಕ

ನಾವು ಹೊಲದಾಗ ಕೆಲಸ ಮಾಡೋರು, ನಮ್ಮ ಅನುಭವಾನೂ ಬರಕೋರಿ. ಜೋಳ ಕೊಯ್ಯುವಾಗ ಕುಡುಗೋಲು ಸೊಪ್ಪಿಯಾಗ ಕಳದು ಹೋಗೂದು ಪ್ರತಿ ವರ್ಷದ ಕಥಿ. ನೀರು ಕುಡಿಯಾಕ ಎದ್ದಾಕಿ ಎಲ್ಲಿ ಇಟ್ಟೆ ಅಂತ ಮರತು ಬಿಡ್ತಾಳ, ಇನ್ನೊಬ್ಬಾಕಿ ಮ್ಯಾಲ ಸಿವುಡು ಹಾಕ್ತಾಳ. ಆಮ್ಯಾಲ ಬರಿಗಾಲಲೆ ನಡಿಯೋರ ಕಾಲಿಗೆ ಸಿಗ್ತದ, ಇಲ್ಲಾ ಸೊಪ್ಪಿ ಜೊತಿ ಬಣಮಿಗೆ ಹೋಗ್ತದ. ನಮ್ಮವ್ವ ಎಲ್ಲಾ ಕುಡುಗೋಲಿನ ಹಿಡಿಕಿಗೂ ಕೆಂಪು ಕುಬಸದ ಬಟ್ಟಿ ಹರದು ಒಂದು ಗೇಣು ಬಾಲ ಬಿಡ್ತಿದ್ಲು. ಸಂಜಿಕೆ ಹೊಲದ ಬದುವಿನ ಮ್ಯಾಲ ನಿಂತು ಕೆಂಪು ಎಣಿಸ್ತಿದ್ಲು. ಎಂಟು ಮಂದಿ, ಎಂಟು ಕೆಂಪು. ಏಳು ಬಂದ್ರ ಯಾರೂ ಮನಿಗೆ ಹೋಗೂ ಹಂಗಿಲ್ಲ.

ಅದಕ್ಕ ಚಾಕುವಿಗೆ ಹಸಿರು ದಾರ, ಮಣ್ಣಿನ ಬಣ್ಣದ ದಾರ ಕಟ್ಟೋರನ್ನ ನೋಡಿದ್ರ ನನಗ ಅರ್ಥಾನೇ ಆಗೂದಿಲ್ಲ.

ಸಂಡೂರು_ಚಾರಣ

ಎಂಟು ಮಂದಿ, ಎಂಟು ಕೆಂಪು! ಅಕ್ಕಾ, ಮುಂದಿನ ಶಿಬಿರದಿಂದ ನಾನೂ ಇದನ್ನೇ ಮಾಡ್ತೀನಿ. ಎಲ್ಲರ ಚಾಕುವಿಗೂ ಒಂದೇ ಬಣ್ಣ, ಹೊರಡೋ ಮುಂಚೆ ಎಣಿಕೆ.

ಸಾಣಾಪುರದಾಂವ

ಹಂಗಾದ್ರ ಕಿತ್ತಳಿ ಬಣ್ಣದ ದಾರ ತರಸ್ಲಾ?

ಬಂಡೆ_ಏರುವವ (ಆನೆಗುಂದಿ)

ಆನೆಗುಂದಿ ಬಂಡೆಗಳ ಮೇಲೆ ಕಿತ್ತಳೆ ಬೇಡ. ನಾನು ಹಾಕಿ ನೋಡಿದ್ದೀನಿ. ಮಧ್ಯಾಹ್ನ ಚೆನ್ನಾಗಿ ಕಾಣುತ್ತೆ, ಸಂಜೆ ಐದೂವರೆ ಆದಮೇಲೆ ಬಿಸಿಲು ಕೆಂಪಾದಾಗ ಬಂಡೆಯೂ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ದಾರ ಅದರಲ್ಲೇ ಕರಗಿ ಹೋಗುತ್ತೆ. ನಾವು ವಾಪಸ್ ಇಳಿಯೋಕೆ ಸಾಮಾನು ಕಟ್ಟೋದೇ ಆ ಹೊತ್ತಲ್ಲಿ. ನಮ್ಮ ಕಲ್ಲಿನ ಮೇಲೆ, ಬೇಸಿಗೆಯ ಒಣಹುಲ್ಲಿನ ಮೇಲೆ ಎದ್ದು ಕಾಣೋದು ನೀಲಿ. ನೆಲದ ಮೇಲೆ ನೀಲಿ ಬಣ್ಣದ್ದು ಬೇರೆ ಏನೂ ಇರಲ್ಲ. ಗದ್ದೆಯಲ್ಲಿ ಅಕ್ಕನ ಕೆಂಪೇ ಸರಿ. ನೆಲ ನೋಡಿ ಬಣ್ಣ ಆರಿಸಿ.

ಇನ್ನೊಂದು. ಆ ಸೀಳಿಗೆ ಕೈ ಹಾಕಲಿಲ್ಲ ಅಂದ್ರಲ್ಲ, ಒಳ್ಳೇದಾಯ್ತು. ಚೇಳು, ಹಾವು ತಂಪಿಗೆ ಅಲ್ಲೇ ಇರ್ತವೆ. ದೊಡ್ಡ ಸೀಳು, ಗುಹೆ ಆದ್ರೆ ಹಗಲು ಹೊತ್ತು ಕರಡಿ ಮಲಗಿರೋದೂ ಅಂಥಾ ಜಾಗದಲ್ಲೇ. ದರೋಜಿ ಕರಡಿಧಾಮ ಅಲ್ಲೇ ಹೊಳೆ ಆಚೆ.

ತುಂಗಾ_ದಂಡಿ (ಕಂಪ್ಲಿ)

ನಮ್ಮದು ಮೀನು ಹಿಡಿಯೋ ಮನೆತನ. ಹರಿಗೋಲಿನಾಗೆ ಚಾಕು ಇಲ್ಲದೆ ಯಾರೂ ಇಳಿಯಲ್ಲ. ಬಲೆ ಕಾಲಿಗೆ ಸುತ್ತಿಕೊಂಡು ಹರಿಗೋಲು ಮಗುಚಿದರೆ ಕೊಯ್ಕೊಂಡು ಹೊರಗೆ ಬರಬೇಕಲ್ಲ. ನೀರಿನಾಗೆ ಚಾಕು ಬಿಟ್ಟರೆ ಮುಗೀತು, ಮರಳಿನಾಗೆ ಸಿಗಲ್ಲ. ಅದಕ್ಕೇ ನಮ್ಮಪ್ಪ ಸೊಂಟದ ದಾರಕ್ಕೆ ಚಾಕು ಕಟ್ಟಿರ್ತಾನೆ. ದಾರದ ಉದ್ದ ಎಷ್ಟು ಅಂದ್ರೆ, ಕಾಲು ಮಡಚಿ ಕೈ ನೀಡಿದರೆ ಅಲಗು ಹಿಮ್ಮಡಿ ಮುಟ್ಟಬೇಕು, ಅದಕ್ಕಿಂತ ಒಂದು ಗೇಣೂ ಜಾಸ್ತಿ ಇರಬಾರದು. ಉದ್ದ ಆದ್ರೆ ಅದೇ ಬಲೆಗೆ ಸುತ್ತಿಕೊಳ್ಳುತ್ತೆ. ಮೀನಿನ ಲೋಳೆ ಹತ್ತಿದ ಕೈಗೆ ಹಿಡಿಕೆ ನಿಲ್ಲಲ್ಲ, ಗಂಟಿಗೆ ಬೆರಳು ಸಿಕ್ಕಿಸಿಕೊಳ್ಳೋದೂ ಆಗುತ್ತೆ.

ಎಲ್ರಲ್ಲೂ ಒಂದು ವಿನಂತಿ. ಕೊಯ್ದ ನೈಲಾನ್ ತುಂಡುಗಳನ್ನ ಹೊಳೆ ದಂಡೆಗೆ ಎಸೆದು ಬರಬೇಡಿ. ಮುದ್ಲಾಪುರದಿಂದ ನಮ್ಮ ಕಂಪ್ಲಿವರೆಗೆ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಪ್ರದೇಶ. ನೀರುನಾಯಿ ಮರಿ ಕೊರಳಿಗೆ ದಾರ ಸುತ್ತಿಕೊಂಡು ಒದ್ದಾಡೋದನ್ನ ನಾನು ನೋಡಿದ್ದೀನಿ. ಆ ದಿನ ಅಪ್ಪನ ಚಾಕು ಅದನ್ನ ಬಿಡಿಸಿತು. ಮರಿ ಕೈಗೆ ಕಚ್ಚಿ ಓಡಿ ಹೋಯ್ತು. ಎಲ್ಲಾ ಮರಿಗೂ ಹಂಗೆ ಯಾರಾದ್ರೂ ಸಿಗಲ್ಲ.

ಎತ್ತರದ_ಕೆಲಸ

ಇದನ್ನ ಓದಿ ಸುಮ್ಮನಾದೆ. ನಾವೂ ತುಂಡುಗಳನ್ನ ಜೇಬಿಗೆ ಹಾಕ್ಕೋತೀವಿ ಇನ್ಮೇಲೆ.

ಮುದಗಲ್_ಕೋಟಿ

ಅಂದಹಾಗ ಇಷ್ಟೆಲ್ಲಾ ಚಾಕು ಬ್ಯಾಗಿನಾಗ ಇಟ್ಟುಕೊಂಡು ತಿರುಗಿದ್ರ ಪೊಲೀಸರು ಹಿಡಿಯೂದಿಲ್ಲೇನ್ರಿ?

ಸಂಡೂರು_ಚಾರಣ

1959ರ ಶಸ್ತ್ರಾಸ್ತ್ರ ಕಾಯ್ದೆ, ಅದರ 2016ರ ನಿಯಮಗಳಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಶಸ್ತ್ರ ಅನ್ನೋ ಲೆಕ್ಕ ಇದೆ. ಮನೆ ಬಳಕೆ, ಕೃಷಿಯ ಉಪಕರಣ ಅದರಿಂದ ಹೊರಗೆ. ನಮ್ಮ ನಾಲ್ಕಿಂಚಿನ ಚಾಕುವಿಗೆ ಅದು ತಾಗಲ್ಲ. ಆದರೂ ಜಾತ್ರೆ, ಸಭೆ, ಗಲಾಟೆ ಇರೋ ಕಡೆ ಒಯ್ಯಬೇಡ. ಚಾರಣಕ್ಕೆ ಹೋಗುವಾಗ ಬ್ಯಾಗಿನ ತಳದಲ್ಲಿ ಒರೆ ಸಮೇತ ಇರಲಿ, ಕಾಡಿಗೆ ಹೋದಮೇಲೆ ಸೊಂಟಕ್ಕೆ. ಬಸ್ಸಲ್ಲಿ ದಾರ ಹೊರಗೆ ಜೋತಾಡಿಸ್ಕೊಂಡು ಕೂರಬೇಡ, ಮಗುವಿನ ಕೈಗೆ ಸಿಕ್ಕರೆ ಎಳೆಯುತ್ತೆ.

ಕುರಿಹಟ್ಟಿ

ಹೆಸರಿನ ಮಾತಿಗೆ ಬರ್ತೀನಿ. ಲ್ಯಾನ್ಯಾರ್ಡ್ ಅನ್ನೂ ಬದಲು ಲಾಡಿ ಅನ್ನಬಹುದಲ್ರಿ?

ಗಂಟುಗಾರ

ಲಾಡಿ ಅಂದ್ರೆ ಚಡ್ಡಿ, ಪೈಜಾಮ ನೆನಪಾಗುತ್ತೆ ಅಣ್ಣಾ. ಕಸೆ ಅನ್ನಿ. ಅಂಗಿಗೆ ಕಸೆ, ಚೀಲಕ್ಕೆ ಕಸೆ, ಚಾಕುವಿಗೂ ಕಸೆ.

ಸಿಂಧನೂರಕ್ಕ

ನಾವು ಬಾಲ ಅಂತೀವಿ. ಕುಡುಗೋಲಿನ ಬಾಲ. ಬಾಲ ಹಿಡದು ಎಳಿ ಅಂದ್ರ ಎಲ್ಲರಿಗೂ ತಿಳೀತದ.

ತುಂಗಾ_ದಂಡಿ

ಬಾಲ ಸರಿ ಐತೆ. ಅಕ್ಕಂಗೆ ನನ್ನ ಓಟು.

ಎತ್ತರದ_ಕೆಲಸ

ಹೆಸರು ಏನಾದರೂ ಇಡಿ, ವಾರಕ್ಕೊಮ್ಮೆ ಸವೆತ ನೋಡಿ. ದಾರ ಹರಿಯೋದು ನಡುವೆ ಅಲ್ಲ, ತೂತಿನ ಅಂಚಿಗೆ ಉಜ್ಜೋ ಜಾಗದಲ್ಲಿ. ಅಲ್ಲಿ ನೂಲು ಜುಮುರು ಎದ್ದಿದ್ರೆ ಆ ದಾರ ಬದಲಿಸಿ. ಬಿಸಿಲಿಗೂ ನೈಲಾನ್ ಸಾಯುತ್ತೆ. ನಮ್ಮ ಬಳ್ಳಾರಿ ಬಿಸಿಲಲ್ಲಿ ಸದಾ ಹೊರಗಿದ್ದ ದಾರ ಬಣ್ಣ ಬಿಟ್ಟು ಒರಟಾಗಿದ್ರೆ ಅದನ್ನ ನಂಬಬೇಡಿ. ಕೊಂಡಿ, ದಾರ, ಚೈನು, ಯಾವುದಾದರೂ ಸರಿ, ಒಂದೇ ಒಂದರ ಮೇಲೆ ಭಾರ ಬಿಟ್ಟಾಗ ಅದು ಹೋದರೆ ಎಲ್ಲಾ ಹೋಯ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾದಾಗ ಗೇಟೇ ಕೊಚ್ಚಿಕೊಂಡು ಹೋಗಲಿಲ್ಲವಾ.

ಹತ್ತಿ_ಗಿರಣಿ

ಆ ವಾರ ನಾವು ನಿದ್ದಿ ಮಾಡಿಲ್ಲ. ಹರಿಯೋ ನೀರು ನೋಡಿ ಎರಡನೇ ಬೆಳಿ ಹೋತು ಅಂತ ಕುಂತಿದ್ವಿ. ಹರಿಯೋ ನೀರಿನಾಗ ಸ್ಟಾಪ್ ಲಾಗ್, ಅಂದ್ರ ಗೇಟಿನ ಬದಲಿಗೆ ತಾತ್ಕಾಲಿಕ ತಡೆ, ಇಳಿಸಿ ನಿಲ್ಲಿಸಿದ್ರಲ್ಲ, ಆ ಕೆಲಸ ಮಾಡಿದವರ ಕೈಗೆ ನಮಸ್ಕಾರ.

ಸಿಂಧನೂರಕ್ಕ

ಹೌದ್ರಿ. ನಮ್ಮದು ಎಡದಂಡೆ ಕಾಲುವಿ ನೀರು. ಆ ಸುದ್ದಿ ಕೇಳಿ ನಮ್ಮ ಓಣಿಯಾಗ ಯಾರೂ ಒಲಿ ಹಚ್ಚಿರಲಿಲ್ಲ.

ಗಂಟುಗಾರ

ತಮ್ಮ ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಉಳೀತು, ಬರೀತೀನಿ. ಸಾಣಾಪುರ ತಮ್ಮಾ, ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ದಾರ ತಗೋ. ನಡುವಿಗೆ ಮಡಚು. ಮಡಚಿದ ಮೂತಿಯನ್ನ ತೂತಿನಲ್ಲಿ ತೂರಿಸು, ಆ ಕಡೆಯಿಂದ ಬಂದ ಕುಣಿಕೆ ಒಳಗೆ ಎರಡೂ ತುದಿ ಹಾಕಿ ಎಳಿ. ದನದ ಹಗ್ಗವನ್ನ ಗೂಟಕ್ಕೆ ಹಾಕ್ತೀವಲ್ಲ, ಹಂಗೆ. ಈಗ ದಾರ ಹಿಡಿಕೆಗೆ ಕಚ್ಚಿಕೊಂತು. ಎರಡೂ ತುದಿ ಸೇರಿಸಿ ಕೊನೆಗೆ ಒಂದು ದಪ್ಪ ಗಂಟು. ಮುಗಿದಮೇಲೆ ನಾಲ್ಕು ಬೆರಳಗಲ ಉಳಿಬೇಕು. ತುದಿಯನ್ನ ಲೈಟರಿಗೆ ಹಿಡಿದು ಕರಗಿಸಿ ಮುಚ್ಚು, ಇಲ್ಲಾಂದ್ರೆ ನೂಲು ಬಿಚ್ಚಿಕೊಳ್ಳುತ್ತೆ. ಕರಗಿದ ನೈಲಾನನ್ನ ಬೆರಳಿಂದ ಒತ್ತಬೇಡ. ಅದು ಚರ್ಮಕ್ಕೆ ಅಂಟಿ ಸುಡುತ್ತೆ, ಕಿತ್ತರೂ ಬಿಡಲ್ಲ. ಚಮಚದ ಹಿಂಭಾಗದಿಂದ ಒತ್ತು.

ನಾಲ್ಕು ಬೆರಳಗಲ ಯಾಕೆ ಅಂದ್ರೆ, ಅದಕ್ಕಿಂತ ಉದ್ದ ಆದ್ರೆ ಕೆತ್ತುವಾಗ ಅಲಗಿನ ಕೆಳಗೆ ಬಂದು ದಾರಾನೇ ಕೊಯ್ಯುತ್ತೆ, ಗಿಡದ ಕೊಂಬೆಗೂ ಸಿಗುತ್ತೆ.

ಬಂಡೆ_ಏರುವವ

ತಮ್ಮಾ, ಆ ಹಳೇ ಚಾಕು ಇನ್ನೂ ಅಲ್ಲೇ ಇರಬೇಕು. ಆಯಸ್ಕಾಂತ ಹಾಕಿ ನೋಡಿದ್ಯಾ?

ಸಾಣಾಪುರದಾಂವ

ಸಾದಾ ಸ್ಟೀಲ್ ಅಲ್ರಿ ಅದು, ಸ್ಟೇನ್‌ಲೆಸ್. ಆಯಸ್ಕಾಂತ ಹಿಡಿಯೂದಿಲ್ಲ ಅಂದ್ಕೊಂಡು ಸುಮ್ನಾದೆ.

ಬಂಡೆ_ಏರುವವ

ಹಿಡಿಯುತ್ತೆ! ಮನೆಯ ತಟ್ಟೆ ಲೋಟದ ಸ್ಟೀಲ್ ಬೇರೆ, ಚಾಕುವಿನ ಸ್ಟೀಲ್ ಬೇರೆ. ಚಾಕುವಿಗೆ ಕಾಯಿಸಿ ಹದ ಮಾಡೋಕೆ ಬರೋ ಜಾತಿ ಬೇಕು, ಸ್ಟೇನ್‌ಲೆಸ್ ಆದರೂ ಅದಕ್ಕೆ ಆಯಸ್ಕಾಂತ ಕಚ್ಚುತ್ತೆ. ಅಡುಗೆಮನೆ ಚಾಕುವಿಗೆ ಹಿಡಿದು ನೋಡು, ಗೊತ್ತಾಗುತ್ತೆ. ಕೆಟ್ಟ ಸ್ಪೀಕರ್ ಬಿಚ್ಚಿದರೆ ಬಳೆಯಂಥ ದೊಡ್ಡ ಆಯಸ್ಕಾಂತ ಸಿಗುತ್ತೆ, ನಡುವೆ ತೂತು ಇರುತ್ತೆ, ಅದಕ್ಕೇ ಹಗ್ಗ ಕಟ್ಟಿ ಇಳಿಬಿಡು. ಒಬ್ಬನೇ ಹೋಗಬೇಡ, ಹೊತ್ತು ಮುಳುಗೋ ಮುಂಚೆ ಇಳಿದು ಬಾ. ಆ ಗುಡ್ಡದಲ್ಲಿ ಚಿರತೆ ಓಡಾಡುತ್ತೆ.

ಸಾಣಾಪುರದಾಂವ (ಒಂಬತ್ತು ದಿನ ಆದಮೇಲೆ)

ಸಿಕ್ತ್ರಿ!!

ಗುಜರಿ ಅಂಗಡಿಯಾಗ ಹಳೇ ಸ್ಪೀಕರ್ ತಗೊಂಡೆ. ಬಂಡೆ_ಏರುವವರು ಹೇಳಿದಂಗ ಆಯಸ್ಕಾಂತದ ತೂತಿಗೆ ಹೊಸ ನೀಲಿ ದಾರಾನ ಕಟ್ಟಿ ಇಳಿಬಿಟ್ವಿ. ನಮ್ಮ ದೋಸ್ತ ಟಾರ್ಚ್ ಹಿಡಿದಿದ್ದ. ಎರಡು ಸಲ ಬಂಡೆಗೆ ತಾಗಿ ಬರೀ ಕೈ ಬಂತು. ಮೂರನೇ ಸಲ 'ಟಪ್' ಅಂತ ಒಂದು ಸಣ್ಣ ಸಪ್ಪಳ, ದಾರ ಸ್ವಲ್ಪ ಭಾರ ಆತು. ಉಸಿರು ಬಿಗಿಹಿಡದು ಎಳದೆ. ಅರ್ಧಕ್ಕ ಬಂದಾಗ ಹಿಡಿಕಿ ಕಲ್ಲಿಗೆ ತಗಲಿ ತಿರುಗ್ತು, ಬಿತ್ತು ಅಂತ ತಿಳಕೊಂಡೆ, ಬೀಳಲಿಲ್ಲ. ಅಲಗಿನ ಮ್ಯಾಲ ಅಲ್ಲಲ್ಲಿ ಸಾಸಿವಿ ಕಾಳಿನಷ್ಟು ತುಕ್ಕು ಐತಿ, ಮೊನಿ ಒಂದು ಚೂರು ಮುರದೈತಿ, ಉಳಿದದ್ದು ಎಲ್ಲಾ ಸರಿ. ಅಣ್ಣಗ ಫೋನ್ ಮಾಡಿ ಹೇಳಿದೆ.

ಹೊಸ ಚಾಕುವಿಗೆ ಗಂಟುಗಾರ ಅಣ್ಣಾರು ಹೇಳಿದ ಅಳತಿಗೆ ನಾಲ್ಕು ಬೆರಳ ಬಾಲ ಕಟ್ಟೀನಿ. ಹಣ್ಣು ಹೆಚ್ಚುವಾಗ ಆ ಬಾಲಕ್ಕ ಇನ್ನೊಂದು ದಾರ ಸಿಗಿಸಿ ಬ್ಯಾಗಿಗೆ ಕಟ್ಟತೀನಿ. ಕೈಗೆ ಕಟ್ಟೂದಿಲ್ಲ ನರ್ಸಕ್ಕಾರ.

ಈಗ ಹಳೇ ಚಾಕುವಿಗೂ ತೂತು ಹೊಡಿಬೇಕು ಅಂತೀನಿ. ಪ್ಲಾಸ್ಟಿಕ್ ಹಿಡಿಕಿ. ಡ್ರಿಲ್ ಹಾಕಿದ್ರ ಒಳಗಿನ ಸ್ಟೀಲಿಗೆ ತಗಲತದೇನ್ರಿ?

ನರ್ಸಕ್ಕ_ಕೊಪ್ಪಳ

ಓದಿ ಖುಷಿ ಆತು ತಮ್ಮಾ.

ಎತ್ತರದ_ಕೆಲಸ

ಅದೇ ಆಯಸ್ಕಾಂತದ ಒಂದು ಚೂರು ತಗೊಂಡು ಹಿಡಿಕೆ ಮೇಲೆ ಅಲಗಿನ ಕಡೆಯಿಂದ ತುದಿವರೆಗೆ ಸರಿಸ್ತಾ ಬಾ. ಎಲ್ಲಿ ಎಳೆತ ನಿಲ್ಲುತ್ತೋ ಅಲ್ಲಿಗೆ ಒಳಗಿನ ಸ್ಟೀಲ್ ಮುಗೀತು. ಅದರಿಂದ ಆಚೆಗೆ ಒಂದು ಬೆರಳು ಜಾಗ ಇದ್ದರೆ ಹೊಡಿ. ಹದ ಮಾಡಿದ ಸ್ಟೀಲಿಗೆ ಮಾಮೂಲಿ ಡ್ರಿಲ್ ಬಿಟ್ ಇಳಿಯಲ್ಲ, ಬಿಟ್ ಸುಡುತ್ತೆ, ಅಲಗಿನ ಹದಾನೂ ಕೆಡಬಹುದು. ಈ ದಾರ 4 ಮಿ.ಮೀ. ದಪ್ಪ, ಮಡಚಿ ಹಾಕ್ತೀಯ, ಒತ್ತಿದರೆ ಸ್ವಲ್ಪ ತಗ್ಗುತ್ತೆ, ಆದ್ದರಿಂದ 7 ಮಿ.ಮೀ. ತೂತು. ನಿಧಾನ ವೇಗದಲ್ಲಿ ಹೊಡಿ, ಪ್ಲಾಸ್ಟಿಕ್ ಕರಗಬಾರದು. ಅಲಗಿಗೆ ಬಟ್ಟೆ ಸುತ್ತಿ ವೈಸಿಗೆ ಕಚ್ಚಿಸು, ಕೈಯಲ್ಲಿ ಹಿಡಿದು ಹೊಡಿಬೇಡ. ಆಮೇಲೆ ತೂತಿನ ಎರಡೂ ಬಾಯಿಯನ್ನ ಸ್ಯಾಂಡ್ ಪೇಪರಿಂದ ನುಣ್ಣಗೆ ಮಾಡು.

ಕುರಿಹಟ್ಟಿ

ಊರಿಗೆ ಹೋಗಿದ್ದೆ. ಮುತ್ಯಾನ ಚೂರಿಗೆ ನಾನೂ ಪುಂಡಿ ನಾರು ಹೊಸದು ಹೊಸೆದು ಕಟ್ಟೀನಿ. ನಮ್ಮಾಯಿ ನೋಡಿ, ಹುರಿ ಗಿಡ್ಡ ಆತು, ಆತನದು ಇದಕ್ಕಿಂತ ಒಂದು ಗೇಣು ಉದ್ದ ಇತ್ತು ಅಂದ್ಲು. ಬಿಚ್ಚಿ ಮತ್ತ ಹೊಸಿಯಾಕತ್ತೀನಿ.

ಸಿಂಧನೂರಕ್ಕ

ಸಾಣಾಪುರ ತಮ್ಮಾ, ಆ ನೀಲಿ ದಾರ ಎಲ್ಲಿ ಸಿಕ್ತು? ಎಂಟು ಗೇಣು ಬೇಕಾಗಿತ್ತು.

ಸಾಣಾಪುರದಾಂವ

ನನ್ನ ಹತ್ರಾನ ಉಳದೈತ್ರಿ ಅಕ್ಕಾರ. ಸೋಮವಾರ ಸಿಂಧನೂರಿಗೆ ಬರೂದೈತಿ, ತರ್ತೀನಿ.